ಮೊಂತಿ ಹಬ್ಬಕ್ಕೆ ಅಮ್ಮನ ಹತ್ತಿರ ಹೋಗಬೇಕಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮಂಗಳೂರಿನ ಹತ್ತಿರ ನಮ್ಮ ಮನೆಯಲ್ಲಿ ಅಮ್ಮ ಒಬ್ಬರೇ. ಮೇ ತಿಂಗಳಲ್ಲಿ ತಾಯಂದಿರ ದಿನಕ್ಕೆ ಸೀರೆ ಕಳಿಸಿದ್ದೆ. ಮೊಂತಿ ಹಬ್ಬಕ್ಕೂ ಹಾಗೇ ಏನಾದರೂ ಕಳಿಸಿದರೆ ಸಾಕಲ್ವಾ?

ಉತ್ತರ: ಸಾಲದು ತಮ್ಮಾ, ಹೋಗಿ ಬನ್ನಿ. ಮೊಂತಿ ಹಬ್ಬ ಅಂದರೆ ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರು ಹುಟ್ಟಿದ ದಿನ, ಜೊತೆಗೆ ನಮ್ಮ ಕರಾವಳಿಯ ಕ್ಯಾಥೊಲಿಕರಿಗೆ ಹೊಸ ಅಕ್ಕಿಯ ಊಟ. ಒಂಬತ್ತು ದಿನ ಚರ್ಚಿಗೆ ಹೂ ಹೊತ್ತುಕೊಂಡು ಹೋಗಲು ಚಿಕ್ಕಂದಿನಲ್ಲಿ ನಿಮ್ಮನ್ನು ಎಬ್ಬಿಸಿ, ತಲೆ ಬಾಚಿ, ಬುಟ್ಟಿ ಕೈಗೆ ಕೊಟ್ಟವರು ಯಾರು ಹೇಳಿ? ಪಾದ್ರಿಗಳು ಆಶೀರ್ವದಿಸಿದ ತೆನೆ ಮನೆಗೆ ಬಂದ ಮೇಲೆ ಅಮ್ಮ ಒಂದೊಂದೇ ಕಾಳನ್ನು ಉಗುರಿನಿಂದ ಸುಲಿದು ಹಾಲಿಗೆ ಹಾಕುತ್ತಾರಲ್ಲ, ಅದನ್ನು ಒಬ್ಬರೇ ಕೂತು ಕುಡಿಯೋದು ಎಷ್ಟು ಕಷ್ಟ ಅಂತ ಯೋಚಿಸಿ. ಅದು ಇಡೀ ಮನೆ ಒಟ್ಟಿಗೆ ಕೂತು ತಿನ್ನುವ ಊಟ.

ತಂದೆತಾಯಿಯನ್ನು ಗೌರವಿಸು ಅನ್ನೋದು ಹತ್ತು ಆಜ್ಞೆಗಳಲ್ಲೇ ಇದೆ. ಆದರೆ ನನಗೆ ಜಾಸ್ತಿ ಮನಸ್ಸಿಗೆ ತಟ್ಟೋದು ಯೋಹಾನನ ಸುವಾರ್ತೆಯ 19ನೇ ಅಧ್ಯಾಯ. ಶಿಲುಬೆಯ ಮೇಲೆ ಅಷ್ಟು ನೋವಿನಲ್ಲಿದ್ದಾಗಲೂ ಯೇಸು ತಾಯಿಯನ್ನು ಮರೆಯಲಿಲ್ಲ, ತನ್ನ ಶಿಷ್ಯನಿಗೆ ಒಪ್ಪಿಸಿದರು, ಆ ಶಿಷ್ಯ ಅವರನ್ನು ತನ್ನ ಮನೆಗೇ ಕರೆದುಕೊಂಡು ಹೋದ.

ಸೀರೆ ಬೇಡ ಅಂತಲ್ಲ, ತಗೊಂಡೇ ಹೋಗಿ. 7ರ ರಾತ್ರಿ ಬಸ್ಸು ಹತ್ತಿ. ತೆನೆ ಸುಲಿಯುವಾಗ ಪಕ್ಕದಲ್ಲಿ ಕೂತು ನೀವೂ ನಾಲ್ಕು ಕಾಳು ಸುಲಿಯಿರಿ.