ಹೊರದೇಶದ ಸೇವೆಯಲ್ಲಿ ಸಾವು: ಊರಿನ ಸಭೆ ಏನು ಮಾಡಬೇಕು?

ಪ್ರಶ್ನೆ: ನಾನು ದಾವಣಗೆರೆಯ ಒಂದು ಕ್ರೈಸ್ತ ಸಭೆಯ ಮಿಷನ್ ಸಮಿತಿಯ ಕಾರ್ಯದರ್ಶಿ. ನಮ್ಮ ಬೆಂಬಲದಿಂದ ಪೂರ್ವ ಆಫ್ರಿಕಾದ ಹಳ್ಳಿಯೊಂದರಲ್ಲಿ ಸೇವೆ ಮಾಡುತ್ತಿದ್ದ ತಂಡದ ಒಬ್ಬ ಸಹೋದರ ಕಳೆದ ವಾರ ಆತ್ಮಹತ್ಯೆ ಮಾಡಿಕೊಂಡರು. ಹೆಂಡತಿ ಮತ್ತು ಏಳು ವರ್ಷದ ಮಗಳು ಅಲ್ಲಿದ್ದಾರೆ, ತಂದೆತಾಯಿ ಇಲ್ಲಿದ್ದಾರೆ. ಸಮಿತಿಯಲ್ಲಿ ಒಬ್ಬರು ಹೃದಯಾಘಾತವೆಂದು ಪ್ರಕಟಿಸೋಣ ಎನ್ನುತ್ತಾರೆ, ಇನ್ನೊಬ್ಬರು ಹುತಾತ್ಮನೆನ್ನೋಣ ಎನ್ನುತ್ತಾರೆ, ಮತ್ತೊಬ್ಬರು ಸಮಾಧಿಗೆ ಜಾಗ ಕೊಡುವುದೇ ತಪ್ಪು ಎನ್ನುತ್ತಾರೆ. ತಂಡದಲ್ಲಿ ಉಳಿದ ನಾಲ್ವರನ್ನು ಕೂಡಲೇ ಕರೆಸಿಕೊಳ್ಳಬೇಕೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಸಮಿತಿಯ ಮೂವರೂ ಸಭೆಯ ಮರ್ಯಾದೆಯ ಚಿಂತೆಯಲ್ಲಿದ್ದಾರೆ, ಈ ಹೊತ್ತಿನಲ್ಲಿ ಮೊದಲು ಕೇಳಬೇಕಾದದ್ದು ಆ ಸಹೋದರನ ಹೆಂಡತಿಯ ಮಾತು. ಗಂಡನ ದೇಹ ದಾವಣಗೆರೆಗೆ ಬರಬೇಕೋ, ಅಲ್ಲಿಯೇ ಮಣ್ಣಾಗಬೇಕೋ, ಜನರಿಗೆ ಏನು ಹೇಳಬೇಕು, ಯಾರು ಹೇಳಬೇಕು ಎಂಬುದನ್ನು ಆಕೆ ಮತ್ತು ಆತನ ತಂದೆತಾಯಿ ಮಾತನಾಡಿಕೊಂಡು ತೀರ್ಮಾನಿಸಲಿ. ಆ ಮಾತುಕತೆ ನಡೆಯುವಂತೆ ಮಾಡುವುದು, ಅದರ ಖರ್ಚು ಮತ್ತು ಓಡಾಟವನ್ನು ಹೊತ್ತುಕೊಳ್ಳುವುದು ಸಮಿತಿಯ ಕೆಲಸ.

ಓಡಾಟ ಸಣ್ಣದಲ್ಲ. ಅಸಹಜ ಸಾವಾದ್ದರಿಂದ ಅಲ್ಲಿನ ಪೊಲೀಸರ ವಿಚಾರಣೆ, ಮರಣೋತ್ತರ ಪರೀಕ್ಷೆ ಮುಗಿಯಬೇಕು. ದೇಹವನ್ನು ತರುವುದಾದರೆ ಮರಣ ಪ್ರಮಾಣಪತ್ರ, ಪೊಲೀಸ್ ವರದಿ, ದೇಹವನ್ನು ಕೆಡದಂತೆ ಸಂಸ್ಕರಿಸಿದ್ದಕ್ಕೆ ಪ್ರಮಾಣಪತ್ರ, ಹತ್ತಿರದ ಸಂಬಂಧಿಯ ಒಪ್ಪಿಗೆ ಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್, ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ಇಷ್ಟೂ ಸಿದ್ಧವಾಗಬೇಕು. ಹಣದ ತೀವ್ರ ಅಡಚಣೆ ಇರುವವರಿಗೆ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ರಾಯಭಾರ ಕಚೇರಿ ನೆರವು ನೀಡುವುದುಂಟು. ಆದರೂ ಮೊದಲು ಕಳುಹಿಸಿದ ಸಂಸ್ಥೆಯ ವಿಮೆಯಲ್ಲಿ ದೇಹ ಸಾಗಣೆಯ ಖರ್ಚು ಸೇರಿದೆಯೇ ನೋಡಿ. ಇದನ್ನೆಲ್ಲ ನೋಡಿಕೊಳ್ಳಲು ದುಃಖದಲ್ಲಿ ಮುಳುಗಿಲ್ಲದ ಒಬ್ಬರನ್ನೇ ನೇಮಿಸಿ. ಐದು ಜನ ಐದು ಕಡೆಯಿಂದ ರಾಯಭಾರ ಕಚೇರಿಗೆ ಫೋನ್ ಮಾಡಿದರೆ ಕೆಲಸ ಹಿಂದಕ್ಕೆ ಬೀಳುತ್ತದೆ.

ಹೃದಯಾಘಾತವೆಂದು ಹೇಳುವುದು ಬೇಡ. ಅದು ಸುಳ್ಳು ಎಂಬ ಕಾರಣ ಒಂದೇ ಸಾಕು. ಸಾಲದೆನ್ನುವವರಿಗೆ, ಸಾವಿನ ಕಾರಣ ಬರೆದ ಕಾಗದ ಬ್ಯಾಂಕು, ವಿಮಾ ಕಚೇರಿ, ವಾರಸುದಾರಿಕೆಯ ಅರ್ಜಿ ಎಂದು ಹತ್ತು ಕೈ ದಾಟುತ್ತದೆ, ಅದಕ್ಕೂ ಮುಂಚೆ ವಾಟ್ಸ್‌ಆ್ಯಪಿನಲ್ಲಿ ಸುದ್ದಿ ನಿಮ್ಮೂರಿನ ಪಿ.ಜೆ. ಬಡಾವಣೆ ಮುಟ್ಟಿರುತ್ತದೆ. ಆಗ ಆ ಮಗುವಿಗೆ ನಿಜ ಗೊತ್ತಾಗುವುದು ಶಾಲೆಯ ಗೆಳತಿಯ ಬಾಯಿಂದ. ಹುತಾತ್ಮನೆನ್ನುವುದು ಇನ್ನೂ ಅಪಾಯದ ಮಾತು. ಅದೇ ತಂಡದಲ್ಲಿ ಅಥವಾ ಅದೇ ಸಭೆಯ ಯುವಕರಲ್ಲಿ ಒಳಗೊಳಗೇ ಕುಸಿಯುತ್ತಿರುವ ಒಬ್ಬನಿದ್ದರೆ, ಸಾಯುವುದೇ ಗೌರವದ ದಾರಿ ಎಂಬ ಅರ್ಥ ಅವನಿಗೆ ಹೊಳೆಯಬಹುದು. ಕುಟುಂಬ ಒಪ್ಪಿದರೆ ಸಭಾಪಾಲಕರು ಇಷ್ಟು ಹೇಳಿದರೆ ಸಾಕು: "ನಮ್ಮ ಸಹೋದರ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಿದ್ದಾರೆ. ಅವರು ಎಷ್ಟು ನೋವಿನಲ್ಲಿದ್ದರೆಂಬುದು ನಮಗೆ ಪೂರ್ತಿಯಾಗಿ ತಿಳಿಯಲಿಲ್ಲ. ಅವರನ್ನು ನಾವು ಪ್ರೀತಿಸಿದ್ದೆವು. ನಿಮ್ಮಲ್ಲಿ ಯಾರಿಗಾದರೂ ಬದುಕು ಭಾರವೆನಿಸಿದ್ದರೆ ಇವತ್ತೇ ನಮ್ಮೊಡನೆ ಮಾತನಾಡಿ." ಹೇಗೆ, ಎಲ್ಲಿ ಎಂಬ ವಿವರ ಪ್ರಕಟಣೆಯಲ್ಲೂ ಬೇಡ, ಅಂಗಳದ ಮಾತಿನಲ್ಲೂ ಬೇಡ. ಕುಟುಂಬ ಒಪ್ಪದಿದ್ದರೆ ಸಾವಿನ ಸುದ್ದಿಯನ್ನಷ್ಟೇ ತಿಳಿಸಿ, ಕಾರಣದ ಬಗ್ಗೆ ಕುಟುಂಬದ ಮೌನವನ್ನು ಗೌರವಿಸಿ ಎಂದು ಕೇಳಿಕೊಳ್ಳಬಹುದು; ಮೌನಕ್ಕೂ ಸುಳ್ಳಿಗೂ ಅಂತರವಿದೆ.

ಮಗಳಿಗೆ ತಾಯಿಯೇ, ಚಿಕ್ಕ ಮಾತುಗಳಲ್ಲಿ, ಅಪ್ಪನ ಮನಸ್ಸಿಗೆ ದೊಡ್ಡ ಕಾಯಿಲೆ ಬಂದಿತ್ತು, ಆ ಕಾಯಿಲೆಯಲ್ಲಿ ಅಪ್ಪ ತನ್ನ ಜೀವ ತಾನೇ ತೆಗೆದುಕೊಂಡ, ನೀನು ಮಾಡಿದ ಯಾವುದರಿಂದಲೂ ಹೀಗಾಗಲಿಲ್ಲ ಎಂದು ಹೇಳಲಿ. ಕೊನೆಯ ಮಾತನ್ನು ಹಲವು ಸಲ ಹೇಳಬೇಕಾಗುತ್ತದೆ.

ಸಮಾಧಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಜಾಗ ಕೊಡಿ. ನಿಮ್ಮದು ಯಾವ ಪಂಗಡವೆಂದು ನೀವು ಬರೆದಿಲ್ಲ, ಆದರೆ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಕ್ಯಾಥೋಲಿಕ್ ಸಭೆಯೇ 1917ರ ತನ್ನ ಕಾನೂನಿನಲ್ಲಿದ್ದ ನಿಷೇಧವನ್ನು 1983ರಲ್ಲಿ ಕೈಬಿಟ್ಟಿತು. ದೇವರ ಸೇವಕರಿಗೆ ಮನಸ್ಸಿನ ಕಾಯಿಲೆ ಬಾರದು ಎನ್ನುವ ಹಿರಿಯರಿಗೆ ಬೈಬಲಿನ ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ ಓದಲು ಹೇಳಿ. ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಎಂದ ಪ್ರವಾದಿ ಎಲೀಯನಿಗೆ ಅಲ್ಲಿ ಸಿಕ್ಕಿದ್ದು ಗದರಿಕೆಯಲ್ಲ. ನಿದ್ದೆ, ರೊಟ್ಟಿ, ನೀರು. 1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯ ಪತ್ನಿ ಡೊರೊಥಿ, ಮರುವರ್ಷ ಐದು ವರ್ಷದ ಮಗನನ್ನು ಭೇದಿಯಿಂದ ಕಳೆದುಕೊಂಡ ಮೇಲೆ ತೀವ್ರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, 1807ರಲ್ಲಿ ಸಾಯುವವರೆಗೂ ಅದರಿಂದ ಹೊರಬರಲಿಲ್ಲ. ಮಿಷನ್ ಚರಿತ್ರೆ ಕೇರಿಯವರ ಬೈಬಲ್ ಅನುವಾದಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಈ ಭಾಗವನ್ನು ನಮಗೆ ಕಲಿಸಿಲ್ಲ.

ಇನ್ನು ಉಳಿದ ನಾಲ್ವರು. ಅವರು ಸೇವಕರಾಗುವ ಮುನ್ನ ಈಗ ಸಾವಿನ ಮನೆಯವರು. ಅಡುಗೆಮನೆಯ ಗೋಡೆಯ ಮೇಲೆ ಯಾರ ಪಾಳಿ ಯಾವತ್ತು ಎಂದು ಬರೆದ ಹಾಳೆಯಲ್ಲಿ ಮಂಗಳವಾರದ ಎದುರು ಆತನ ಹೆಸರು ಇನ್ನೂ ಇರುತ್ತದೆ. ಆ ಮಂಗಳವಾರ ಒಲೆ ಹಚ್ಚುವವರು ಯಾರು, ಆ ಹೆಸರನ್ನು ಅಳಿಸುವವರು ಯಾರು ಎಂಬ ಪ್ರಶ್ನೆಯೇ ಅವರನ್ನು ಅರೆದುಹಾಕುತ್ತದೆ. ಆದ್ದರಿಂದ ನಿಮ್ಮಲ್ಲಿ ಇಬ್ಬರು ಮೊದಲು ಸಿಗುವ ವಿಮಾನ ಹತ್ತಿ ಅಲ್ಲಿಗೆ ಹೋಗಿ. ಉಪದೇಶಕ್ಕಲ್ಲ, ಅಡುಗೆಗೆ, ಪೊಲೀಸ್ ಠಾಣೆಗೆ ಜೊತೆಯಾಗಲು, ಸಾವು ನಡೆದ ಕೋಣೆಯನ್ನು ಅವರ ಕೈಯಿಂದ ತೊಳೆಸದೆ ಬೇರೆಯವರಿಂದ ತೊಳೆಸಲು. ತಂಡದ ನಾಯಕರಿಗೂ ದುಃಖವಿದೆ, ಅವರಿಂದ ಕೆಲವು ವಾರ ಹೊಣೆ ತೆಗೆದುಕೊಳ್ಳಿ. ದೇಹವನ್ನು ಮೊದಲು ನೋಡಿದವರು ಯಾರೋ ಅವರೊಡನೆ ಪ್ರತ್ಯೇಕವಾಗಿ ಕುಳಿತುಕೊಳ್ಳಿ.

ಎಲ್ಲರನ್ನೂ ಸುತ್ತ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲ ಹೇಳಿಸುವ ಪದ್ಧತಿಯೊಂದಿದೆ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ತುರ್ತು ಸೇವೆಯ ಸಿಬ್ಬಂದಿಗಾಗಿ ರೂಪಿಸಿದ ಇದು ಮಿಷನ್ ಸಂಸ್ಥೆಗಳಿಗೂ ಹಬ್ಬಿತು; ಆದರೆ ಬಲವಂತದ ಒಂದೇ ಬೈಠಕ್ಕಿನಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಲೂಬಹುದು ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಹೇಳುವುದು ಸರಳ: ನೋಡಿ, ಆಲಿಸಿ, ಬೇಕಾದ ನೆರವಿಗೆ ಜೋಡಿಸಿ. ಮಾತನಾಡಲು ಇಷ್ಟವಿಲ್ಲದವನನ್ನು ಸುಮ್ಮನೆ ಬಿಡಿ, ಊಟಕ್ಕೆ ಮಾತ್ರ ಬಿಡದೆ ಕರೆಯಿರಿ.

ಕರೆಸಿಕೊಳ್ಳಬೇಕೇ ಎಂದರೆ, ಆಯ್ಕೆ ಕೊಡಿ, ಆಜ್ಞೆ ಬೇಡ. ಅಂತ್ಯಕ್ರಿಯೆಗೆ ಬಂದು ಮರಳುವವರಿಗೂ, ಬಂದು ಉಳಿಯುವವರಿಗೂ ಟಿಕೆಟ್ ಇರಲಿ, ಊರಲ್ಲೇ ಉಳಿದುಬಿಡುವವರನ್ನು ಸೋತವರೆಂದು ಯಾರೂ ಅನ್ನದಂತೆ ನೋಡಿಕೊಳ್ಳಿ. ಕನ್ನಡದಲ್ಲಿ ಮಾತನಾಡುವ ಮನೋವೈದ್ಯರನ್ನು ವಿಡಿಯೋ ಮೂಲಕ ಪ್ರತಿಯೊಬ್ಬರಿಗೂ ಗೊತ್ತುಮಾಡಿ, ಕನಿಷ್ಠ ಒಂದು ವರ್ಷ ಅದು ಮುಂದುವರಿಯಲಿ. ದಾವಣಗೆರೆಯಲ್ಲಿರುವ ತಂದೆತಾಯಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು.

ಕೆಲವು ತಿಂಗಳ ನಂತರ ಏನಾಯಿತೆಂದು ಸಂಸ್ಥೆ ವಿಚಾರಿಸಲೇಬೇಕು. ರಜೆ ಯಾವಾಗ ಸಿಕ್ಕಿತ್ತು, ಬೆಂಬಲದ ಹಣ ಸರಿಯಾಗಿ ಹೋಗುತ್ತಿತ್ತೇ ಎಂಬುದರ ಜೊತೆಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆಂದೂ ಕೇಳಿ. ಮಲೇರಿಯಾ ತಡೆಗೆ ಕೊಡುವ ಮೆಫ್ಲೋಕ್ವಿನ್ ಕೆಲವರಲ್ಲಿ ಖಿನ್ನತೆ, ಭ್ರಮೆಯಂಥ ತೊಂದರೆ ಉಂಟುಮಾಡುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಅತಿ ಕಠಿಣ ಎಚ್ಚರಿಕೆ ಹಾಕಿಸಿತು. ಅದೇ ಕಾರಣವೆಂದು ಇಲ್ಲಿ ಕುಳಿತು ಹೇಳಲಾಗದು. ಒಂದೇ ಕಾರಣದಿಂದ ಇಂಥ ಸಾವು ಆಗುವುದು ಅಪರೂಪ. ಉಳಿದ ನಾಲ್ವರೂ ಅದೇ ಮಾತ್ರೆ ನುಂಗುತ್ತಿದ್ದರೆ ಮಾತ್ರ ವಿಚಾರಣೆಗೆ ಕಾಯದೆ ಇವತ್ತೇ ವೈದ್ಯರನ್ನು ಕೇಳಿಸಿ.

ಪ್ರಶ್ನೆ: ನನ್ನ ತಂಗಿ ಹೊರದೇಶದ ಮಿಷನ್ ಆಸ್ಪತ್ರೆಯಲ್ಲಿ ನರ್ಸ್. ತಂಡದ ಗೆಳತಿ ಆತ್ಮಹತ್ಯೆ ಮಾಡಿಕೊಂಡ ಮೇಲೆ "ನನಗೂ ಸಾಕಾಗಿದೆ ಅಣ್ಣ" ಎನ್ನುತ್ತಾಳೆ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುವುದೇ?
— ಓದುಗ, ಚಿತ್ರದುರ್ಗ

ಉತ್ತರ: ಆಗುವುದಿಲ್ಲ, ಇವತ್ತು ರಾತ್ರಿಯೇ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಎಂದು ಎದೆ ಹಗುರವಾಗುವವರೇ ಹೆಚ್ಚು. ಹೌದೆಂದರೆ ಗಾಬರಿಪಡಬೇಡಿ, ಬೈಬಲ್ ವಚನ ಹೇಳಬೇಡಿ, ಫೋನ್ ಇಡಬೇಡಿ. ಆ ಕರೆ ನಡೆಯುತ್ತಿರುವಾಗಲೇ ಇನ್ನೊಂದು ಫೋನಿನಿಂದ ಅಲ್ಲಿನ ಸಂಗಾತಿಯೊಬ್ಬರನ್ನು ಅವಳ ಕೋಣೆಗೆ ಕಳುಹಿಸಿ, ಅವಳ ಬಳಿ ಆಸ್ಪತ್ರೆಯ ಔಷಧ ಕಪಾಟಿನ ಕೀಲಿ ಇದ್ದರೆ ಅದನ್ನು ಮುಖ್ಯಸ್ಥರು ತೆಗೆದುಕೊಳ್ಳಲಿ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುವ ಕಾನೂನು ಕೆಲವು ದೇಶಗಳಲ್ಲಿ ಇನ್ನೂ ಇರುವುದರಿಂದ, ಅಲ್ಲಿ ಯಾರ ಬಳಿ ಹೋಗಬಹುದೆಂದು ಆಸ್ಪತ್ರೆಯ ಹಿರಿಯ ವೈದ್ಯರನ್ನೇ ಕೇಳಿ. ಊರಿಗೆ ಬರುವುದಾದರೆ ಒಬ್ಬಳನ್ನೇ ಕಳುಹಿಸದೆ ಜೊತೆಗೊಬ್ಬರನ್ನು ಕಳುಹಿಸುವಂತೆ ಸಂಸ್ಥೆಯನ್ನು ಒತ್ತಾಯಿಸಿ, ಅವಳು ಮನೆ ಮುಟ್ಟುವ ಮುಂಚೆಯೇ ವೈದ್ಯರ ಭೇಟಿ ಗೊತ್ತುಮಾಡಿಡಿ.