ಪ್ರತಿ: ಕ್ಯಾಡ್ ಲೈಸೆನ್ಸ್ ಮುಗಿಯುತ್ತಿದೆ, ಫ್ರೀಕ್ಯಾಡ್‌ಗೆ ಹೋಗಬಹುದಾ?

ತುಮಕೂರಿನ ವಸಂತನರಸಾಪುರದಲ್ಲಿ ಫಿಕ್ಸ್ಚರ್ (ಕೆಲಸದ ತುಂಡನ್ನು ಬಿಗಿಯಾಗಿ ಹಿಡಿಯೋ ಸಾಧನ) ಮಾಡೋ ಸಣ್ಣ ಶಾಪ್, ಮುಂದಿನ ತಿಂಗಳು ಕ್ಯಾಡ್ (ಕಂಪ್ಯೂಟರಿನಲ್ಲಿ ಡಿಸೈನ್ ಮಾಡೋ ಸಾಫ್ಟ್‌ವೇರ್) ಸಬ್‌ಸ್ಕ್ರಿಪ್ಷನ್ ಮುಗಿಯುತ್ತೆ, ಮತ್ತೆ ಕಟ್ಟದಿದ್ದರೆ ಹಳೇ ಡ್ರಾಯಿಂಗ್‌ಗಳ ಗತಿ ಏನು ಅಂತ ಕೇಳಿದ್ದೀರಿ.

ದುಡ್ಡಿಲ್ಲದೆ ಸಿಗೋ ಕ್ಯಾಡ್ ಸಾಫ್ಟ್‌ವೇರ್ ಫ್ರೀಕ್ಯಾಡ್‌ಗೆ ಹೋಗಬಹುದು ಸರ್. ಆದರೆ ಲೈಸೆನ್ಸ್ ಇರುವಾಗಲೇ ಫೈಲ್‌ಗಳನ್ನು ಹೊರಗೆ ತೆಗೆದುಕೊಳ್ಳಿ. ಪಾರ್ಟ್‌ಗಳನ್ನೆಲ್ಲ ಸ್ಟೆಪ್‌ಗೆ (ಬೇರೆ ಬೇರೆ ಕ್ಯಾಡ್‌ಗಳು ಓದೋ 3ಡಿ ಫೈಲ್), ಲೇಸರ್ ಕಟಿಂಗ್‌ಗೆ ಕಳಿಸೋ ಶೀಟ್‌ಗಳನ್ನು ಡಿಎಕ್ಸ್‌ಎಫ್‌ಗೆ (ಗೆರೆಗಳ 2ಡಿ ಫೈಲ್), ಜೊತೆಗೆ ಪ್ರತಿ ಡ್ರಾಯಿಂಗಿಗೂ ಒಂದು ಪಿಡಿಎಫ್. ಪಿಡಿಎಫ್ ಬಿಡಲೇಬೇಡಿ, ಸ್ಟೆಪ್‌ನಲ್ಲಿ ಮುಖ್ಯವಾಗಿ ಬರೋದು ಆಕಾರ ಮಾತ್ರ. ಬೇಸ್ ಪ್ಲೇಟಿನ ಎಂ8 ಟ್ಯಾಪಿಂಗ್ ಹೋಲ್ (8 ಮಿಮೀ ಬೋಲ್ಟಿಗೆ ಥ್ರೆಡ್ ಹಾಕೋ ತೂತು) ಅಲ್ಲಿ ಸಾಮಾನ್ಯವಾಗಿ ಬರೀ 6.8 ಮಿಮೀ ತೂತಾಗಿ ಕಾಣುತ್ತೆ. ಥ್ರೆಡ್ ಇದೆ ಅಂತ ಟ್ಯಾಪ್ ಹಾಕೋ ಹುಡುಗನಿಗೆ ಗೊತ್ತಾಗೋದು ಪಿಡಿಎಫ್ ನೋಡಿದರೇನೇ. ಆ ತೂತನ್ನು 5 ಮಿಮೀ ಪಕ್ಕಕ್ಕೆ ಸರಿಸಬೇಕೆಂದರೂ ಸ್ಕೆಚ್ (ಪಾರ್ಟಿನ ಮೂಲ ರೇಖಾಚಿತ್ರ) ಸ್ಟೆಪ್‌ನಲ್ಲಿ ಬರಲ್ಲವಾದ್ದರಿಂದ ಅಳತೆ ಬದಲಿಸೋಕಾಗಲ್ಲ, ಮಾಡೆಲ್‌ನಲ್ಲಿ ತೂತು ಮುಚ್ಚಿ ಮತ್ತೆ ಕೊರೆಯಬೇಕು. ಹಾಗಾಗಿ ಪದೇಪದೇ ಬದಲಾಗೋ ಪಾರ್ಟ್‌ಗಳನ್ನು ಹೊಸದಾಗಿ ಬರೆದುಬಿಡಿ, ಉಳಿದವು ಸ್ಟೆಪ್‌ನಲ್ಲೇ ಇರಲಿ.

ಫ್ರೀಕ್ಯಾಡ್ ಹಾಕೋದಾದರೆ 2024ರ ನವೆಂಬರಿನಲ್ಲಿ ಬಂದ 1.0 ಅಥವಾ ಅದರ ನಂತರದ್ದನ್ನೇ ಹಾಕಿ. ಅದಕ್ಕೂ ಹಿಂದಿನದರಲ್ಲಿ ಮೊದಲಿನ ಸ್ಕೆಚ್ ತಿದ್ದಿದರೆ ಫಿಲೆಟ್ (ದುಂಡಗೆ ಮಾಡಿದ ಅಂಚು) ಬೇರೆ ಅಂಚಿಗೆ ಹೋಗಿ ಕೂರುತ್ತಿತ್ತು. ಈಗ ಆ ಕಾಟ ಬಹಳ ಕಡಿಮೆ. ಬಹಳ ಪಾರ್ಟ್ ಜೋಡಿಸೋ ದೊಡ್ಡ ಅಸೆಂಬ್ಲಿಗೆ ಮಾತ್ರ ನಾನಿನ್ನೂ ಅದನ್ನು ಪೂರ್ತಿ ನಂಬಲ್ಲ.

2016ರಲ್ಲಿ ಆಟೋಕ್ಯಾಡ್ ಮಾಡೋ ಆಟೋಡೆಸ್ಕ್ ಕಂಪನಿ ಹೊಸ ಶಾಶ್ವತ ಲೈಸೆನ್ಸ್ ಮಾರೋದನ್ನು ನಿಲ್ಲಿಸಿತು. ಆರ್ಡರ್ ಇಲ್ಲದ ತಿಂಗಳಿಗೂ ಸಣ್ಣ ಶಾಪ್‌ನವರು ದುಡ್ಡು ಕಟ್ಟಬೇಕು ಅನ್ನೋದು ನನಗೆ ನಿಜಕ್ಕೂ ಅನ್ಯಾಯ ಅನಿಸುತ್ತೆ. ಕಸ್ಟಮರ್ ನಿಮ್ಮ ಈಗಿನ ಸಾಫ್ಟ್‌ವೇರಿನ ಫೈಲೇ ಬೇಕು ಅಂತ ಹಟ ಹಿಡಿದರೆ, ತಿಂಗಳ ಪ್ಲಾನ್ ಇದೆಯಾ ಕೇಳಿ, ಅದರ ಖರ್ಚನ್ನು ಕೊಟೇಶನ್‌ನಲ್ಲೇ ಸೇರಿಸಿ.