ಬೆಸ್ಕೋವ್ ಸೋತಿದ್ದೆಷ್ಟು, ಗೆದ್ದಿದ್ದೇನು?

ಹಾಸನದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಫುಟ್‌ಬಾಲ್ ಲೇಖನದಲ್ಲಿ ಕಾನ್‌ಸ್ಟಾಂಟಿನ್ ಬೆಸ್ಕೋವ್ ಅವರನ್ನು ಸೋವಿಯತ್ ಕಾಲದ ದೊಡ್ಡ ಕೋಚ್‌ಗಳ ಸಾಲಿನಲ್ಲಿ ಕೂರಿಸಿದ್ದೀರಿ. 1964ರಲ್ಲಿ ಯೂರೋಪಿನ ಫೈನಲ್ ಸೋತರು. 1972ರಲ್ಲಿ ಇನ್ನೊಂದು ಫೈನಲ್ ಸೋತರು. ಸ್ಪಾರ್ಟಕ್ ತಂಡದ ಜೊತೆ ಲೀಗ್‌ನಲ್ಲಿ ಐದು ಸಲ ಎರಡನೇ ಸ್ಥಾನ, ಗೆದ್ದದ್ದು ಎರಡೇ ಸಲ. ಒಳ್ಳೆಯ ಸ್ಟ್ರೈಕರ್ ಆಗಿದ್ದರು, ಒಪ್ಪೋಣ. ಆದರೆ ಕೋಚ್ ಆಗಿ ಕೀವ್ ತಂಡದ ಲೊಬನೋವ್ಸ್ಕಿ ಪಕ್ಕದಲ್ಲಿ ನಿಲ್ಲಿಸೋದು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ?"

ನಮಸ್ಕಾರ. ನಿಮ್ಮ ಲೆಕ್ಕ ಸರಿಯಾಗಿದೆ. ಬೇಕಿದ್ದರೆ ಇನ್ನೊಂದು ಸೋಲನ್ನೂ ಸೇರಿಸಿಕೊಳ್ಳಿ. 1970ರಲ್ಲಿ ಅವರ ಡೈನಮೋ ಮಾಸ್ಕೋ ಮತ್ತು ಸೈನ್ಯದ ತಂಡ ಸಿಎಸ್‌ಕೆಎ ಲೀಗ್‌ನಲ್ಲಿ ಸಮ ಅಂಕ ಪಡೆದವು. ಚಾಂಪಿಯನ್ ಯಾರು ಅಂತ ತೀರ್ಮಾನಿಸಲು ತಾಷ್ಕೆಂಟ್‌ನಲ್ಲಿ ಆಡಿಸಿದರು. ಡೈನಮೋ 3-1ರಿಂದ ಮುಂದಿತ್ತು. ಕೊನೆಗೆ 4-3ರಿಂದ ಸೋತಿತು. ಇದು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ!

ಆದರೆ ಎಲ್ಲ ಸೋಲನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು ಅಂತ ನನ್ನ ವಾದ. 1964ರ ಯೂರೋಪ್ ದೇಶಗಳ ಕಪ್ಪನ್ನೇ ನೋಡಿ. ಆಗ ಬೆಸ್ಕೋವ್ ಸೋವಿಯತ್ ರಾಷ್ಟ್ರೀಯ ತಂಡದ ಕೋಚ್. ಸೋವಿಯತ್ ತಂಡ ಇಟಲಿಯನ್ನು, ಸ್ವೀಡನ್ನನ್ನು ಮನೆಗೆ ಕಳಿಸಿ, ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್ ಮೇಲೆ 3-0ರಿಂದ ಗೆದ್ದಿತ್ತು. ಫೈನಲ್ ಮ್ಯಾಡ್ರಿಡ್‌ನಲ್ಲಿ, ಸ್ಪೇನ್ ವಿರುದ್ಧ, ಕಮ್ಯುನಿಸ್ಟ್ ವಿರೋಧಿ ಸರ್ವಾಧಿಕಾರಿ ಫ್ರಾಂಕೋ ಕಣ್ಣೆದುರಿಗೆ. ನಾಲ್ಕು ವರ್ಷದ ಹಿಂದೆ ಇದೇ ಫ್ರಾಂಕೋ ಸರ್ಕಾರ ತನ್ನ ತಂಡವನ್ನು ಮಾಸ್ಕೋಗೆ ಕಳಿಸಲು ಒಪ್ಪಿರಲಿಲ್ಲ. ಪಂದ್ಯ 1-1ರಲ್ಲಿ ನಿಂತಿದ್ದಾಗ, ಕೊನೆಯ ಹತ್ತು ನಿಮಿಷದೊಳಗೆ ಮಾರ್ಸೆಲಿನೋ ತಲೆಯಿಂದ ಹೊಡೆದ ಗೋಲಿಗೆ ಎಲ್ಲ ಮುಗಿಯಿತು. ಯೂರೋಪಿನಲ್ಲಿ ಎರಡನೇ ಸ್ಥಾನ ಬಂದರೆ ಬೇರೆ ಯಾವ ದೇಶವಾದರೂ ಹಾರ ಹಾಕುತ್ತಿತ್ತು. ಬೆಸ್ಕೋವ್ ಕೆಲಸ ಕಳೆದುಕೊಂಡರು. ಸೋತದ್ದಕ್ಕಿಂತ, ಯಾರ ಮುಂದೆ ಸೋತರು ಅನ್ನುವುದೇ ಮೇಲಿನವರಿಗೆ ಮುಖ್ಯವಾಗಿತ್ತು.

ಅವರಿಗೆ ಇದು ಹೊಸದೂ ಅಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಡಿದ ಸೋವಿಯತ್ ತಂಡದಲ್ಲಿ ಅವರೂ ಇದ್ದರು. ಯುಗೊಸ್ಲಾವಿಯಾ ಎದುರು 5-1ರ ಹಿನ್ನಡೆಯಿಂದ 5-5ಕ್ಕೆ ತಂದು ನಿಲ್ಲಿಸಿದ ಆಟ ಅದು. ಮರುಪಂದ್ಯದಲ್ಲಿ 3-1ರಿಂದ ಸೋತರು. ಸ್ಟಾಲಿನ್‌ಗೂ ಯುಗೊಸ್ಲಾವಿಯಾದ ನಾಯಕ ಟಿಟೋಗೂ ಜಗಳ ನಡೆಯುತ್ತಿದ್ದ ಕಾಲ. ಸೋತದ್ದಕ್ಕೆ ಸೈನ್ಯದ ಕ್ಲಬ್ಬನ್ನೇ ಕೆಲಕಾಲ ಮುಚ್ಚಿಸಿದರು. ಕೆಲವು ಆಟಗಾರರಿಗೆ ಕೊಟ್ಟಿದ್ದ ಗೌರವ ಪದವಿ ಕಿತ್ತುಕೊಂಡರು, ಅದರಲ್ಲಿ ಬೆಸ್ಕೋವ್ ಹೆಸರೂ ಇತ್ತು.

ಸ್ಟ್ರೈಕರ್ ಬೆಸ್ಕೋವ್ ಬಗ್ಗೆ ನೀವು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕೋಚ್ ಹುಟ್ಟಿದ್ದು ಅಲ್ಲೇ. 1945ರ ನವೆಂಬರ್. ಯುದ್ಧ ಮುಗಿದು ಕೆಲವೇ ತಿಂಗಳಾಗಿದೆ. ಡೈನಮೋ ಮಾಸ್ಕೋ ಬ್ರಿಟನ್‌ಗೆ ಹೋಯಿತು. ಲಂಡನ್‌ನಲ್ಲಿ ಚೆಲ್ಸಿ ಜೊತೆಗಿನ ಮೊದಲ ಪಂದ್ಯಕ್ಕೆ ಆಟಗಾರರು ಕೈಯಲ್ಲಿ ಹೂಗುಚ್ಛ ಹಿಡಿದು ಇಳಿದರು. ನೋಡಿದವರು ನಕ್ಕರಂತೆ. ಪಂದ್ಯ 3-3. ನಾಲ್ಕು ದಿನ ಬಿಟ್ಟು ಕಾರ್ಡಿಫ್ ಮೇಲೆ 10-1, ಅದರಲ್ಲಿ ಬೆಸ್ಕೋವ್ ಒಬ್ಬರದೇ ನಾಲ್ಕು ಗೋಲು. ಆಮೇಲೆ ಆರ್ಸೆನಲ್ ಮೇಲೆ 4-3, ಎದುರಿಗಿರುವವರು ಕಾಣದಷ್ಟು ಮಂಜಿನಲ್ಲಿ. ಗ್ಲಾಸ್ಗೋದ ರೇಂಜರ್ಸ್ ಜೊತೆ 2-2. ಒಂದೂ ಸೋಲಿಲ್ಲದೆ ವಾಪಸ್ ಬಂದರು.

ಆ ಡೈನಮೋದ ಗುಟ್ಟೇನು? ಮುಂದಿನ ಸಾಲಿನ ಐದೂ ಜನ ತಮ್ಮ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಅಂಚಿನವನು ಒಳಗೆ ಬರುತ್ತಿದ್ದ, ನಡುವಿನವನು ಹಿಂದೆ ಸರಿಯುತ್ತಿದ್ದ, ಖಾಲಿಯಾದ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಿದ್ದ. ಯಾರು ಯಾರನ್ನು ಹಿಡಿಯಬೇಕು ಅಂತ ಇಂಗ್ಲಿಷ್ ಡಿಫೆಂಡರ್‌ಗಳಿಗೆ ತಿಳಿಯಲೇ ಇಲ್ಲ. ಬೆಸ್ಕೋವ್ ಮುಂದೆ ಕಲಿಸಿದ್ದೆಲ್ಲ ಇದರ ಮುಂದುವರಿಕೆ. ಚೆಂಡು ಕೊಡು, ಓಡು, ಮತ್ತೆ ತಗೋ.

1972ರ ಸೋಲನ್ನು ಬೇಗ ಹೇಳಿ ಮುಗಿಸುತ್ತೇನೆ. ಬಾರ್ಸಿಲೋನಾದಲ್ಲಿ ಕಪ್ ವಿನ್ನರ್ಸ್ ಕಪ್ (ಯೂರೋಪಿನ ಕಪ್ ವಿಜೇತ ಕ್ಲಬ್‌ಗಳ ಟೂರ್ನಿ) ಫೈನಲ್, ಎದುರಾಳಿ ಮತ್ತದೇ ರೇಂಜರ್ಸ್. ಸೋವಿಯತ್ ಕ್ಲಬ್ಬೊಂದು ಯೂರೋಪಿನ ಫೈನಲ್ ಆಡಿದ್ದೇ ಅದು ಮೊದಲು. 3-0ರ ಹಿನ್ನಡೆಯಿಂದ ಡೈನಮೋ 3-2ಕ್ಕೆ ಬಂತು. ರೇಂಜರ್ಸ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ಮರುಪಂದ್ಯ ಆಡಿಸಿ ಅಂತ ಬೆಸ್ಕೋವ್ ಕೇಳಿದರು, ಸಿಗಲಿಲ್ಲ. ಅಭಿಮಾನಿಗಳ ಗಲಾಟೆಗೆ ರೇಂಜರ್ಸ್ ಮೇಲೆ ಯೂರೋಪ್ ಪಂದ್ಯಗಳಿಂದ ನಿಷೇಧ ಬಿತ್ತು, ಆದರೆ ಕಪ್ ಅವರ ಹತ್ತಿರವೇ ಉಳಿಯಿತು.

ಈಗ ಸ್ಪಾರ್ಟಕ್. ನಿಮ್ಮ ಪತ್ರದಲ್ಲಿ ಐದು ಎರಡನೇ ಸ್ಥಾನ ಇದೆ. ಅದಕ್ಕಿಂತ ಮೊದಲು ಆ ತಂಡ ಎಲ್ಲಿತ್ತು ಅನ್ನುವುದು ಇಲ್ಲ. 1976ರಲ್ಲಿ ಸ್ಪಾರ್ಟಕ್ ಮೇಲಿನ ಲೀಗ್‌ನಿಂದ ಕೆಳಕ್ಕೆ ಬಿದ್ದಿತ್ತು. ಅದನ್ನು ಎತ್ತಲು ಕರೆಸಿದ್ದು ಯಾರನ್ನ? ಡೈನಮೋದ ಮನುಷ್ಯನನ್ನ! ಡೈನಮೋ ಅಂದರೆ ಪೊಲೀಸ್ ಇಲಾಖೆಯ ಕ್ಲಬ್. ಅದರ ಬೆನ್ನಿಗೆ ನಿಂತಿದ್ದವನು ಸ್ಟಾಲಿನ್‌ನ ಗುಪ್ತ ಪೊಲೀಸ್ ಮುಖ್ಯಸ್ಥ ಬೆರಿಯಾ. ಸ್ಪಾರ್ಟಕ್ ಕಟ್ಟಿದ ಸ್ಟಾರೊಸ್ಟಿನ್ ಸಹೋದರರು 1942ರಲ್ಲಿ ಬಂಧನಕ್ಕೊಳಗಾಗಿ ವರ್ಷಗಟ್ಟಲೆ ಶಿಬಿರಗಳಲ್ಲಿ ಕಳೆದವರು. ಅದೇ ಸ್ಟಾರೊಸ್ಟಿನ್‌ಗಳ ಕ್ಲಬ್ಬಿಗೆ ಬೆಸ್ಕೋವ್ ಬಂದರು. ಅಭಿಮಾನಿಗಳಿಗೆ ನುಂಗಲು ಕಷ್ಟವೇ ಆಗಿರಬೇಕು.

ಬಂದವರು ಹೆಸರಾಂತ ಆಟಗಾರರನ್ನು ಹುಡುಕಲಿಲ್ಲ. ಕೋಸ್ತ್ರೋಮಾ ಅನ್ನುವ ಊರಿನ ಕೆಳ ದರ್ಜೆ ತಂಡದಿಂದ ಗಿಯೋರ್ಗಿ ಯಾರ್ತ್ಸೆವ್ ಅವರನ್ನು ತಂದರು. ಆಗಲೇ ಮೂವತ್ತರ ಹತ್ತಿರದ ಸ್ಟ್ರೈಕರ್. ಅಂಥವನಿಂದ ಇನ್ನೇನಾಗುತ್ತೆ ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ 1978ರಲ್ಲಿ ಇಡೀ ಲೀಗ್‌ನಲ್ಲಿ ಜಾಸ್ತಿ ಗೋಲು ಅವರದೇ, 19. ಅಸ್ತ್ರಾಖಾನ್‌ನಿಂದ ಒಬ್ಬ ಹುಡುಗ ಗೋಲ್‌ಕೀಪರ್ ಬಂದ, ರಿನಾತ್ ದಸಾಯೆವ್. ಡೈನಮೋದಿಂದ ಯೂರಿ ಗವ್ರಿಲೋವ್ ಬಂದರು. ಕ್ಲಬ್ಬಿನ ಶಾಲೆಯಿಂದಲೇ ಫ್ಯೋದರ್ ಚೆರೆಂಕೋವ್ ಮೇಲೆ ಬಂದರು. ಒಂದೇ ವರ್ಷದಲ್ಲಿ ತಂಡ ಮೇಲಿನ ಲೀಗ್‌ಗೆ ಮರಳಿತು, 1979ರಲ್ಲಿ ಚಾಂಪಿಯನ್.

ಅಭ್ಯಾಸದಲ್ಲಿ ಚಿಕ್ಕ ಚೌಕ ಹಾಕಿ, ಒಂದೆರಡು ಸ್ಪರ್ಶದಲ್ಲೇ ಚೆಂಡು ದಾಟಿಸುವ ಆಟ ಆಡಿಸುತ್ತಿದ್ದರು. ಪಂದ್ಯ ಆದ ಮೇಲೆ ಬೋರ್ಡಿನ ಮುಂದೆ ಕೂರಿಸಿ ಒಬ್ಬೊಬ್ಬರ ತಪ್ಪನ್ನೂ ಬಿಡಿಸಿ ಹೇಳುತ್ತಿದ್ದರು. ಹೊಗಳಿಕೆ ಕಡಿಮೆ, ಮಾತು ಖಾರ. ಆಟಗಾರರು ಹೆದರುತ್ತಿದ್ದರು. 1982ರ ಸೆಪ್ಟೆಂಬರ್‌ನಲ್ಲಿ ಇದೇ ಸ್ಪಾರ್ಟಕ್ ಲಂಡನ್‌ಗೆ ಹೋಗಿ ಆರ್ಸೆನಲ್ಲನ್ನು ಅವರ ಮನೆಯಲ್ಲೇ 5-2ರಿಂದ ಹೊಡೆಯಿತು. ಇಂಗ್ಲಿಷ್ ಪ್ರೇಕ್ಷಕರು ಎದ್ದು ಚಪ್ಪಾಳೆ ತಟ್ಟಿದರು. ಮಂಜಿನಲ್ಲಿ ಆಡಿದ್ದ ಸ್ಟ್ರೈಕರ್ 37 ವರ್ಷದ ಮೇಲೆ ಅದೇ ಕ್ಲಬ್ಬಿಗೆ ಇನ್ನೊಂದು ಪಾಠ ಹೇಳಿ ಬಂದರು.

ಒಂದು ಕಡೆ ನಿಮ್ಮ ಮಾತು ಒಪ್ಪುತ್ತೇನೆ. 1982ರ ವಿಶ್ವಕಪ್. ಆ ಸೋವಿಯತ್ ತಂಡದಲ್ಲಿ ದಸಾಯೆವ್ ಇದ್ದರು, ಸ್ಟ್ರೈಕರ್ ಬ್ಲೋಖಿನ್ ಇದ್ದರು. ಆದರೆ ಬೆಸ್ಕೋವ್ ಜೊತೆ ಕೀವ್‌ನ ಲೊಬನೋವ್ಸ್ಕಿ, ಟಿಬಿಲಿಸಿಯ ಅಖಲ್ಕಾತ್ಸಿ ಅವರನ್ನೂ ಕೋಚ್‌ಗಳಾಗಿ ಕೂರಿಸಿದರು. ಲೊಬನೋವ್ಸ್ಕಿಗೆ ಲೆಕ್ಕಾಚಾರ ಮತ್ತು ಓಟ ಬೇಕು, ಬೆಸ್ಕೋವ್‌ಗೆ ಚಿಕ್ಕ ಪಾಸ್ ಬೇಕು. ತಂಡ ಒಡೆದ ಮನೆಯಾಯಿತು. ಪೋಲೆಂಡ್ ಜೊತೆ ಗೆಲ್ಲಲೇಬೇಕಾದ ಪಂದ್ಯ 0-0 ಆಗಿ, ಗೋಲ್ ವ್ಯತ್ಯಾಸದಲ್ಲಿ ಹೊರಬಿದ್ದರು. ಆ ಏರ್ಪಾಟಿಗೆ ತಲೆಯಾಡಿಸಿದ್ದು ಬೆಸ್ಕೋವ್ ತಪ್ಪೇ. ಒಪ್ಪದೆ ಹೊರಗೆ ಬರಬಹುದಿತ್ತು.

ಹಟ ಅವರ ಇನ್ನೊಂದು ದೋಷ. 1987ರಲ್ಲಿ ಮತ್ತೆ ಚಾಂಪಿಯನ್ ಮಾಡಿದರೂ ನಿಕೊಲಾಯ್ ಸ್ಟಾರೊಸ್ಟಿನ್ ಜೊತೆ ಸಂಬಂಧ ಹಳಸಿ, 1988ರ ಕೊನೆಗೆ ಹೊರಗೆ ಬಂದರು. ಅವರ ಜಾಗಕ್ಕೆ ಬಂದದ್ದು 1979ರ ತಂಡದ ನಾಯಕ ಒಲೆಗ್ ರೊಮಾಂತ್ಸೆವ್. ಮರುವರ್ಷವೇ ಸ್ಪಾರ್ಟಕ್ ಚಾಂಪಿಯನ್. ಆ ಕಪ್ಪನ್ನು ಯಾರ ಖಾತೆಗೆ ಬರೆಯೋಣ? ದಾಖಲೆಯಲ್ಲಿ ರೊಮಾಂತ್ಸೆವ್ ಹೆಸರಿದೆ, ಇರಬೇಕಾದ್ದೇ. ಆದರೆ ಅಲ್ಲಿ ಆಡಿದವರು ಹೆಚ್ಚಾಗಿ ಬೆಸ್ಕೋವ್ ಬೆಳೆಸಿದ ಹುಡುಗರು. ಅವರು ತಂದ ಯಾರ್ತ್ಸೆವ್ ಕೂಡ ಮುಂದೆ ರಷ್ಯಾ ತಂಡದ ಕೋಚ್ ಆಗಿ 2004ರ ಯೂರೋ ಆಡಿಸಿದರು. ಬೆಸ್ಕೋವ್ ಸುಮ್ನೆ ಮನೆಯಲ್ಲಿ ಕೂರಲಿಲ್ಲ. 1995ರಲ್ಲಿ, 74ನೇ ವಯಸ್ಸಿನಲ್ಲಿ, ಹಳೇ ಡೈನಮೋಗೆ ರಷ್ಯನ್ ಕಪ್ ಗೆದ್ದುಕೊಟ್ಟರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಕ್ಲಬ್ಬಿಗೆ ಬಂದ ಮೊದಲ ಕಪ್ ಅದು. 2006ರಲ್ಲಿ ತೀರಿಕೊಂಡರು.

ಲೊಬನೋವ್ಸ್ಕಿ ಎಂಟು ಸೋವಿಯತ್ ಲೀಗ್ ಗೆದ್ದವರು, ಎರಡು ಸಲ ಕಪ್ ವಿನ್ನರ್ಸ್ ಕಪ್ ತಂದವರು. ಕಪ್ ಎಣಿಸಿದರೆ ಬೆಸ್ಕೋವ್ ಅವರ ಹತ್ತಿರವೂ ಬರುವುದಿಲ್ಲ. ನಾನು ಪಕ್ಕದಲ್ಲಿ ನಿಲ್ಲಿಸಿದ್ದು ಆ ಲೆಕ್ಕದಲ್ಲಿ ಅಲ್ಲ. ಆ ಕಾಲದ ಸೋವಿಯತ್ ಫುಟ್‌ಬಾಲ್‌ನಲ್ಲಿ ಎರಡು ದಾರಿ ಇದ್ದವು, ಒಂದು ಕೀವ್‌ನದು, ಇನ್ನೊಂದು ಸ್ಪಾರ್ಟಕ್‌ನದು. ಎರಡನೆಯದನ್ನು ಹಾಕಿಕೊಟ್ಟವರು ಬೆಸ್ಕೋವ್. ಲೊಬನೋವ್ಸ್ಕಿ ಬಗ್ಗೆ ಬೇರೆಯಾಗಿಯೇ ಒಂದು ಲೇಖನ ಬರಲಿದೆ. ಅದನ್ನು ಓದಿ ಮತ್ತೆ ಜಗಳಕ್ಕೆ ಬನ್ನಿ.

– ಸಂಪಾದಕ